ಕಾಕಾನ ಚಪ್ಪಲಿಗೆ ಸಿಲಿಕೋನ್ ಗ್ರೀಸ್ ಹಚ್ಚಿದ ಪ್ರಸಂಗ

"ನನ್ನ ಚಪ್ಪಲಿಗೆ ಏನ್ ಮಾಡಿದ್ಯೋ? ಬಾಯೇ ಬಿಡವಲ್ಲವು!"

ಬೆಳಗಿನ ಚಹಾ ಇನ್ನೂ ಅರ್ಧ ಕಪ್ಪು ಇರುವಾಗ ಐಗಳಿಯಿಂದ ರಾವಸಾಬ ಕಾಕಾ ಅವರ ಫೋನು. ಚಹಾ ಆಯಿತಾ ಎಂಬ ವಿಚಾರಣೆ ಇಲ್ಲ. ಚಿಕ್ಕೋಡಿ ಕಡೆ ಮಳೆ ಹೇಗಿದೆ ಎಂಬ ಕುಶಲಪ್ರಶ್ನೆಯೂ ಇಲ್ಲ. ನೇರವಾಗಿ ಆರೋಪಪಟ್ಟಿ.

"ಬಾಯಿ ಬಿಡಬಾರದು ಅಂತನ ಅಲ್ಲೇನ್ರಿ ಕಾಕಾ, ಗ್ರೀಸ್ ಹಚ್ಚಿದ್ದು?" ಅಂದೆ.

"ಹಚ್ಚಿದಾಂವ ನೀನ, ತಗಿಯಾಂವನೂ ನೀನ. ಇವತ್ತ ಬಾ. ಗೇಟಿಂದೂ ತಗಿ. ನಿಮ್ಮ ಕಾಕುಗ ಏನೂ ಹೇಳಬ್ಯಾಡ."

ಫೋನು ಕಟ್.

ಓದುಗ ಮಹಾಶಯರೇ, ಕಿರಗುಡುವ ಗೇಟಿಗೆ ಎಣ್ಣೆ ಬಿಡಿಸಿಕೊಂಡವರು ಜಗತ್ತಿನಲ್ಲಿ ಕೋಟ್ಯಂತರ ಜನ ಇರಬಹುದು. ಬಿಟ್ಟ ಎಣ್ಣೆಯನ್ನು ವಾಪಸ್ ತೆಗೆ, ನನ್ನ ಕಿರಕಿರಿ ನನಗೆ ಕೊಡು ಎಂದು ತಗಾದೆ ಮಾಡಿದವರು ಬಹುಶಃ ನಮ್ಮ ಕಾಕಾ ಒಬ್ಬರೇ. ಆ ಫೋನು ಬಂದದ್ದು ಮಳೆಗಾಲದ ಆರಂಭದಲ್ಲಿ. ಇಷ್ಟು ದಿನ ಬರೆಯಲಿಲ್ಲ, ಯಾಕೆಂದರೆ ಬರೆಯಲು ಅಪ್ಪಣೆ ಇರಲಿಲ್ಲ. ಈಗ ಸಿಕ್ಕಿದೆ.

ಮೊದಲು ಗ್ರೀಸಿನ ಪುರಾಣ ಮುಗಿಸಿಬಿಡುತ್ತೇನೆ.

ಈ ಸಲ ಮೊದಲ ದೊಡ್ಡ ಮಳೆಗೆ ನನ್ನ ಬೈಕು ರಾಯಬಾಗ ದಾಟುತ್ತಿದ್ದಂತೆ ಕೆಮ್ಮಿ, ಗೊರಗುಟ್ಟಿ, ರಸ್ತೆ ಬದಿಯಲ್ಲಿ ದೇಹತ್ಯಾಗ ಮಾಡಿತು. ತಳ್ಳಿಕೊಂಡು ಒಂದು ಗ್ಯಾರೇಜಿಗೆ ಹೋದೆ. ಮೆಕ್ಯಾನಿಕ್ ಪ್ಲಗ್ಗಿನ ಕ್ಯಾಪ್ ಕಿತ್ತ. ಒಳಗೆ ನೀರು. ಒರೆಸಿ, ಒಣಗಿಸಿ, ಕ್ಯಾಪಿನ ರಬ್ಬರಿನ ಅಂಚಿಗೆ ಒಂದು ಟ್ಯೂಬಿನಿಂದ ಬೆಳ್ಳಗಿನ ಅಂಟು ವಸ್ತುವನ್ನು ತೆಳ್ಳಗೆ ಸವರಿದ.

"ಇದೇನಪಾ, ಹಲ್ಲು ತಿಕ್ಕೂ ಪೇಸ್ಟೇನು?"

"ಸಿಲಿಕೋನ್ ಗ್ರೀಸ್ ರೀ. ನೀರ ಒಳಗ ಬಿಡಂಗಿಲ್ಲ, ರಬ್ಬರ ಕೆಡಸಂಗಿಲ್ಲ."

ಒಂದೇ ಕಿಕ್ಕು. ಬೈಕು ಎದ್ದು ಕುಳಿತಿತು. ನಾನು ಆ ಕ್ಷಣವೇ ಮತಾಂತರ ಹೊಂದಿದೆ.

ನಮ್ಮ ಭಾಗದಲ್ಲಿ ಸದ್ದು ಮಾಡುವ ಸಕಲ ವಸ್ತುಗಳಿಗೆ ಒಂದೇ ಔಷಧ, ಶೇಂಗಾ ಎಣ್ಣೆ. ಬಾಗಿಲಿಗೆ ಅದೇ, ಸೈಕಲ್ ಚೈನಿಗೆ ಅದೇ, ನಲ್ಲಿಗೆ ಅದೇ, ಕೂಸಿನ ನೆತ್ತಿಗೂ ಅದೇ ಬಾಟಲಿ. ಕೂಸು ಬೆಳೆಯುತ್ತದೆ, ನಲ್ಲಿಯ ರಬ್ಬರು ಉಬ್ಬುತ್ತದೆ. ಉಬ್ಬಿದ ರಬ್ಬರು ಮೆತ್ತಗಾಗಿ ಹರಿಯುತ್ತದೆ. ಎಣ್ಣೆಗೆ ಧೂಳು ಕೂತು ಬಾಗಿಲಿನ ಬಿಜಾಗರಿಯಲ್ಲಿ ಕರಿ ಹಲ್ವಾ ತಯಾರಾಗುತ್ತದೆ. ಗಾಡಿಗೆ ಹಾಕುವ ಸಾದಾ ಗ್ರೀಸಿನದೂ ರಬ್ಬರಿನ ಮಟ್ಟಿಗೆ ಇದೇ ಹಣೆಬರಹ. ಸಿಲಿಕೋನಿನದು ಹಾಗಲ್ಲ. ರಬ್ಬರನ್ನು ತಿನ್ನುವುದಿಲ್ಲ, ನೀರಿಗೆ ತೊಳೆದು ಹೋಗುವುದಿಲ್ಲ, ಬಿಸಿಗೆ ಕರಗಿ ಓಡುವುದಿಲ್ಲ. ಸರಕಾರಿ ನೌಕರನಂತೆ ಕೂತ ಜಾಗದಲ್ಲೇ ಕೂತಿರುತ್ತದೆ. (ನಾನೂ ಸರಕಾರಿ ನೌಕರಿ ಮಾಡಿ ನಿವೃತ್ತನಾದವನು. ಅನುಭವದಿಂದ ಹೇಳುತ್ತಿದ್ದೇನೆ.)

ನಾನೂ ಒಂದು ಟ್ಯೂಬು ತಂದೆ. ಬಚ್ಚಲಿನ ನಲ್ಲಿ ಬಿಚ್ಚಿ ಒಳಗಿನ ರಬ್ಬರ್ ಉಂಗುರಕ್ಕೆ ಸವರಿದೆ. ಬೆರಳಿನಲ್ಲಿ ತಿರುಗುವಷ್ಟು ಹಗುರಾಯಿತು. ಫ್ರಿಜ್ಜಿನ ಬಾಗಿಲಿನ ರಬ್ಬರು, ಕಿಟಕಿ, ಬೈಕಿನ ಬ್ಯಾಟರಿಯ ಬಿಗಿದ ತುದಿಗಳು, ಯಾವುದನ್ನೂ ಬಿಡಲಿಲ್ಲ. (ಎಚ್ಚರಿಕೆ ಎರಡು. ಬ್ರೇಕು ಹಿಡಿಯುವ ಜಾಗಕ್ಕೆ ಮಾತ್ರ ಸವರಬೇಡಿ, ಗಾಡಿ ಎದುರು ಮನೆಯವರ ಅಡುಗೆಮನೆಯಲ್ಲಿ ನಿಲ್ಲುತ್ತದೆ. ಗಾಡಿಯ ಟ್ಯೂಬನ್ನು ಕುಕ್ಕರಿಗೂ ಬಳಸಬೇಡಿ, ತಿನ್ನುವ ಪದಾರ್ಥಕ್ಕೆ ತಾಗುವ ಜಾಗಕ್ಕೆ ಬೇರೆಯದೇ ಸಿಗುತ್ತದೆ.)

"ನಿಮ್ಮ ಮೊಣಕಾಲಿಗೂ ಈಟ ಹಚ್ಕೋರಿ, ಎದ್ದು ಕುಂತ್ರ ಕಟಕಟ ಅಂತಾವ," ಅಂದಳು ಹೆಂಡತಿ.

ಸ್ವಂತ ಮನೆಯಲ್ಲಿ ಸದ್ದು ಮುಗಿದ ಮೇಲೆ ಧರ್ಮಪ್ರಸಾರಕ್ಕೆ ಹೊರಗೆ ಹೋಗಲೇಬೇಕಲ್ಲ? ಟ್ಯೂಬನ್ನು ಜೇಬಿಗಿಟ್ಟುಕೊಂಡು ಭಾನುವಾರ ಐಗಳಿಗೆ ಹೋದೆ.

ರಾವಸಾಬ ಕಾಕಾ ನಮ್ಮ ತಂದೆಯ ಕೊನೆಯ ತಮ್ಮ. ಮನೆಯಲ್ಲಿ ಅವರ ಹೆಂಡತಿ ಕಾಕು, ಮಗ, ಸೊಸೆ ಸುವರ್ಣಾ. ಮಗ ಸಕ್ಕರೆ ಕಾರ್ಖಾನೆಯಲ್ಲಿ ಶಿಫ್ಟಿನ ಕೆಲಸಗಾರ, ತನ್ನ ಗಾಡಿ ಏರಿ ಹೋದರೆ ಬರುವುದು ಮರುಹೊತ್ತಿಗೆ. ಕಾಕಾಗೆ ಬೇರೆಯೇ ಒಂದು ಹಳೆಯ ಬೈಕಿದೆ. ಬೀಗದ ಕೈ ದೇವರ ಜಗಲಿಯ ಮೇಲೆ. ಅಂದರೆ ಅದರ ಸ್ಥಾನಮಾನ ನಿಮಗೆ ತಿಳಿಯಿತು. ಸ್ವಂತ ಮಗನಿಗೂ ಅದನ್ನು ಮುಟ್ಟುವ ಅಧಿಕಾರ ಇಲ್ಲ.

ಇನ್ನು ಕಾಕಾ ಅವರ ಚಪ್ಪಲಿ. ಅಥಣಿಯಲ್ಲಿ ಹೇಳಿ ಮಾಡಿಸಿದ ಚರ್ಮದ ಚಪ್ಪಲಿ. ಸದ್ದು ಬರುವಂಥದ್ದೇ ಬೇಕು ಎಂದರೆ ಅಟ್ಟೆಯ ಪದರುಗಳ ನಡುವೆ ಅದಕ್ಕೊಂದು ಏರ್ಪಾಡು ಮಾಡಿ ಹೊಲಿದು ಕೊಡುತ್ತಾರೆ. ಹೆಜ್ಜೆ ಇಟ್ಟರೆ ಕರ್ರ್ ಕರ್ರ್. ಓಣಿಯ ತಿರುವಿನಲ್ಲೇ ಗೊತ್ತಾಗಬೇಕು, ಹಿರಿಯರು ಬಂದರು ಎಂದು. ಒಳಗೆ ಟೀವಿ ಸಣ್ಣದಾಗುತ್ತದೆ, ಸೆರಗು ತಲೆಯ ಮೇಲೆ ಬರುತ್ತದೆ, ನಗು ನಿಲ್ಲುತ್ತದೆ. ನಮ್ಮ ಕಡೆ ಇದಕ್ಕೆ ಮರ್ಯಾದೆ ಅನ್ನುತ್ತಾರೆ.

ನಾನು ಗೇಟಿನಿಂದ ಶುರು ಮಾಡಿದೆ. ಅದು ತೆರೆದರೆ ಎಮ್ಮೆ ಒದರಿದ ಹಾಗೆ ಆಗುತ್ತಿತ್ತು.

"ಇರಲಿ ಬಿಡಪಾ, ಕಿರ್ ಅಂದ್ರ ಏನಾತು? ಅಂದ್ಕೊಂಡ ಹೋಗಲಿ," ಅಂದರು ಕಾಕು. ಅಡುಗೆಮನೆಯ ಬಾಗಿಲಲ್ಲಿ ಸುವರ್ಣಾ ನಿಂತಿದ್ದಳು, ಮುಖ ಒಂದು ನಮೂನೆ ಆಗಿತ್ತು. ಅತಿಥಿಗೆ ತೊಂದರೆ ಕೊಡಬಾರದು ಎಂಬ ಸಂಕೋಚ ಅಂದುಕೊಂಡೆ. ಹೆಂಗಸರ ಮುಖ ಓದುವುದರಲ್ಲಿ ನನ್ನ ಪಾಂಡಿತ್ಯ ಎಂದೂ ಅಷ್ಟಕ್ಕಷ್ಟೇ.

ಗೇಟು ಮೌನವಾಯಿತು. ಕಾಕಾ ಖುಷಿಯಾದರು. ಬೈಕಿನ ಪ್ಲಗ್ ಕ್ಯಾಪಿಗೆ ನನ್ನ ಕೈಯಿಂದಲೇ ಸವರಿಸಿದರು. ಥಂಡಿ ಹಿಡಿದ ಗಾಡಿ ಒಂದೇ ಒದೆತಕ್ಕೆ ಎದ್ದಿತು. ಆಮೇಲೆ ಕಾಲು ಮುಂದೆ ಚಾಚಿ ಸವಾಲು ಹಾಕಿದರು.

"ಭಾಳ ಶಾಣ್ಯಾ ಇದ್ರ ಇದರ ಬಾಯಿ ಮುಚ್ಚಸು ನೋಡೋಣು."

ಅಟ್ಟೆಯ ಸಂದಿಗೆ ಟ್ಯೂಬಿನ ಮೂತಿ ಇಟ್ಟು ಒತ್ತಿದೆ. ಅಂಗಳದಲ್ಲಿ ಅತ್ತಿಂದಿತ್ತ ನಡೆಸಿದೆ. ಚಪ್ಪಲಿ ಮೌನವ್ರತ ಹಿಡಿಯಿತು.

ಕಾಕು ಹಣೆಗೆ ಕೈ ಹಚ್ಚಿಕೊಂಡದ್ದು ನನಗೆ ಕಾಣಿಸಿತು. ಸೆಖೆ ಇರಬೇಕು ಅಂದುಕೊಂಡೆ.

ಮುಂದಿನ ವಾರವೇ ಆ ಫೋನು. ಹೋದೆ. ಕಾಕಾ ಮನೆಯೊಳಗೆ ಕರೆಯಲಿಲ್ಲ. ಹೊಲಕ್ಕೆ ಕರೆದುಕೊಂಡು ಹೋಗಿ ಪಂಪ್‌ಸೆಟ್ಟಿನ ಕಟ್ಟೆಯ ಮೇಲೆ ಕೂರಿಸಿದರು. ದನಿ ಒಡೆದಿತ್ತು.

"ಯಾಕ್ರಿ ಕಾಕಾ, ಗಂಟಲ ಕುಂತೈತಿ?"

"ಕೆಮ್ಮಿ ಕೆಮ್ಮಿ ಕುಂತೈತಿ. ನಿಮ್ಮ ಕಾಕು ಅಥಣಿ ದವಾಖಾನಿಗಿ ನಡ್ರಿ ಅಂತ ಬೆನ್ನ ಹತ್ಯಾಳ."

"ಥಂಡಿ ಆಗೈತೇನ್ರಿ?"

"ಥಂಡಿ ಅಲ್ಲಲೇ, ನಿನ್ನ ಗ್ರೀಸ್ ಆಗೈತಿ. ಗೇಟ್ ಒದರಂಗಿಲ್ಲ, ಚಪ್ಪಲಿ ಒದರಂಗಿಲ್ಲ. ಮನಿಗಿ ಬರಾಕತ್ತೀನಿ ಅಂತ ನಾನ ಕೆಮ್ಮಬೇಕು. ಓಣಿ ತುದೀಲಿಂದ ಹಿತ್ತಲ ತನಕ!"

ಕೆಮ್ಮುವ ಅಗತ್ಯ ಏನು ಎಂದು ಕೇಳಿದೆ. ಕಾಕಾ ಸುತ್ತಲೂ ನೋಡಿದರು. ಕಬ್ಬು ಬಿಟ್ಟರೆ ಯಾರೂ ಇರಲಿಲ್ಲ. ಆದರೂ ದನಿ ತಗ್ಗಿಸಿದರು.

"ನೀ ಹಚ್ಚಿ ಹೋದ ಮರದಿನ ಮಧ್ಯಾಹ್ನ ಕರೆಂಟ್ ಹೋತು. ಲಗೂನ ಮನಿಗಿ ಬಂದೆ. ಕಾಕು ಕಟ್ಟಿ ಮ್ಯಾಲ ಅಡ್ಡಾಗಿದ್ಳು, ಎಚ್ಚರಾಗಲಿಲ್ಲ. ಕೈಕಾಲ ತೊಳ್ಯಾಕ ಹಿತ್ತಲಕ್ಕ ಹೋದೆ. ನನ್ನ ಗಾಡಿ ಬಣವಿ ಸುತ್ತ ತಿರಗಾಕತ್ತಿತ್ತು."

"ತಾನ?"

"ತಾನ ತಿರಗಾಕ ಅದೇನ ಗಾಣದ ಎತ್ತೇನಲೇ? ಮ್ಯಾಲ ಸುವರ್ಣಾ ಕುಂತಿದ್ಳು!"

ದೇವರ ಜಗಲಿಯ ಬೀಗದ ಕೈ. ಸೊಸೆ. ಅದೂ ಮಾವನ ಬೈಕಿನ ಮೇಲೆ.

ಇಲ್ಲಿ ಒಂದು ಹಿಂದಿನ ಮಾತು ಹೇಳಬೇಕು. ಸುವರ್ಣಾ ಮದುವೆಗೆ ಮೊದಲು ಲ್ಯಾಬ್ ಟೆಕ್ನಿಷಿಯನ್ ಕೋರ್ಸ್ ಮುಗಿಸಿದವಳು. ಅಥಣಿಯ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಸಿಗುವಂತಿತ್ತು. ಷರತ್ತು ಒಂದೇ: ಬೆಳಿಗ್ಗೆ ಹಳ್ಳಿ ಹಳ್ಳಿಗೆ ಹೋಗಿ, ಹಾಸಿಗೆ ಹಿಡಿದವರ ಮನೆಯಲ್ಲಿ ರಕ್ತ ತೆಗೆದುಕೊಂಡು ಬರಬೇಕು. ಗಾಡಿ ಬರಬೇಕು, ಲೈಸೆನ್ಸ್ ಇರಬೇಕು. ದೀಪಾವಳಿ ತನಕ ಕಾಯುತ್ತೇವೆ ಎಂದು ಲ್ಯಾಬಿನವರು ಹೇಳಿದ್ದರು. ಮನೆಯಲ್ಲಿ ವಿಷಯ ಬಂದಾಗ ಕಾಕಾ ಒಂದೇ ಮಾತಲ್ಲಿ ಮುಗಿಸಿದ್ದರು: "ಬಸ್ ಇಲ್ಲ, ಗಾಡಿ ಇಲ್ಲ, ಹೆಂಗ ಹೋಗ್ತಿ? ಬಿಟ್ಟಬಿಡು." ಸುವರ್ಣಾ ಹೂಂ ಅಂದಿದ್ದಳು.

ಹೂಂ ಅಂದು ಹಿತ್ತಲಲ್ಲಿ ಕಲಿಯುತ್ತಿದ್ದಳು. ಅತ್ತೆಯೇ ಕಾವಲು ಎಂಬುದನ್ನೂ ಕಾಕಾ ಈ ಕಟ್ಟೆಯ ಮೇಲೆ ಕೂತು ಲೆಕ್ಕ ಹಾಕಿ ಹಿಡಿದಿದ್ದರು. ಮಧ್ಯಾಹ್ನ ಕಾಕು ಕಟ್ಟೆಯ ಮೇಲೆ ಕಣ್ಣು ಮುಚ್ಚಿ, ಕಿವಿ ತೆರೆದು ಮಲಗುವುದು. ಓಣಿಯಲ್ಲಿ ಕರ್ರ್ ಕರ್ರ್ ಕೇಳಿದರೆ ಅಥವಾ ಗೇಟು ಒದರಿದರೆ "ಸುವರ್ಣಾ, ಹಾಲ ಉಕ್ಕತಾವ ನೋಡ!" ಎಂದು ಕೂಗುವುದು. ಗಾಡಿ ಬಂದ್. ಸೊಸೆ ಒಲೆಯ ಮುಂದೆ. ಆ ಮನೆಯಲ್ಲಿ ತಿಂಗಳುಗಟ್ಟಲೆ ಸರಿಯಾಗಿ ಯಜಮಾನರು ಬಂದಾಗಲೇ ಹಾಲು ಉಕ್ಕುತ್ತಿತ್ತು. ಕಾಕಾ ಅದನ್ನು ತಮ್ಮ ಕಾಲ್ಗುಣ ಎಂದು ಊರಲ್ಲಿ ಹೇಳಿಕೊಂಡೂ ಇದ್ದರು! ನೆರಳಲ್ಲಿ ನಿಂತ ಗಾಡಿ ಬಿಸಿಯಿರುವುದು ಬಿಸಿಲಿನ ಝಳಕ್ಕೆ, ಪೆಟ್ರೋಲ್ ಕಡಿಮೆಯಾಗುವುದು ಟಾಕಿ ಹಳೆಯದಾದ್ದಕ್ಕೆ ಎಂದು ನಂಬಿದ್ದರು. ಊರಲ್ಲಿ ಗಾಡಿಯ ಸದ್ದಂತೂ ಯಾರಿಗೆ ಹೊಸದು?

ಈ ಸಮಸ್ತ ರಾಜ್ಯವ್ಯವಸ್ಥೆಯನ್ನು ನಾನು ಒಂದು ಟ್ಯೂಬಿನಿಂದ ಉರುಳಿಸಿ ಬಂದಿದ್ದೆ.

"ಆಕಿಗಿ ಒದರಿದ್ರೇನ್ರಿ?" ಹೆದರುತ್ತಲೇ ಕೇಳಿದೆ. ಕಾಕಾ ಬೈದರೆ ಸುವರ್ಣಾಳ ಕತೆ ಅಲ್ಲಿಗೆ ಮುಗಿಯಿತು. ಆಕೆ ಮತ್ತೆ ಬಾಯಿ ತೆರೆಯುವವಳಲ್ಲ. ಮುಗಿಸಿದವನು ನಾನಾಗುತ್ತಿದ್ದೆ.

"ಒದರಾಕ ಬಾಯಿ ತಗದೆ. ಅಷ್ಟರಾಗ ಆಕಿ ಎರಡನೇ ಗೇರ್ ಹಾಕಿದ್ಳು. ನಡುವ ಒದರಿದ್ರ ಅಂಜಿ ಬೀಳತಾಳಲ್ಲ? ತಡದೆ. ಗಾಡಿ ಸುತ್ತ ಬಂತು. ಆಕಿ ಮಾರಿ ಕಂಡ್ತು."

ಕಾಕಾ ಬೆರಳಿನಿಂದ ಗಾಳಿಯಲ್ಲಿ ಒಂದು ಸುತ್ತು ಬರೆದು ತೋರಿಸಿದರು.

"ನಗಾಕತ್ತಿದ್ಳೋ. ನಮ್ಮ ಮನಿಗಿ ಬಂದಾಗಿಂದ ಆಕಿ ಹಂಗ ನಕ್ಕದ್ದು ನಾ ನೋಡಿಲ್ಲ. ನಾ ಇದ್ದಲ್ಲಿ ಆಕಿ ನಗೂದಿಲ್ಲಲ್ಲ, ಎಲ್ಲಿಂದ ನೋಡ್ಲಿ?"

"ಆಮ್ಯಾಲ?"

"ಆಮ್ಯಾಲೇನು, ಕಳ್ಳನಂಗ ಹಿಂದ ಸರದೆ. ನನ್ನ ಮನ್ಯಾಗ ನಾನ! ಹೊಲಕ್ಕ ಬಂದು ಇಲ್ಲೇ ಕುಂತೆ."

ನನಗೆ ಒಂದು ತಿಳಿಯಲಿಲ್ಲ. ಮನಸ್ಸಿನಲ್ಲಿ ಒಪ್ಪಿಗೆಯಾಯಿತು ಅಂದಮೇಲೆ ಕರೆದು ಹೇಳಬಹುದಲ್ಲ, ಕಲಿಯವ್ವಾ ಎಂದು? ಕೇಳಿಯೇಬಿಟ್ಟೆ.

"ನೀ ಪೇಪರ್‌ನಾಗ ಬರೀತಿ, ಆದ್ರ ಬುದ್ಧಿ ಇಲ್ಲ ನೋಡು. ನಾ ಹೂಂ ಅಂದೆ ಅಂದ್ರ ಆಕಿ ನನ್ನ ಕಣ್ಣಮುಂದ ಕಲೀಬೇಕಾಗತೈತಿ. ನಾ ಊಟಕ್ಕ ಕುಂತ್ರ ಆಕಿ ರೊಟ್ಟಿ ನೀಡೂ ಕೈ ನಡಗತಾವ. ಕ್ಲಚ್ ಹೆಂಗ ಹಿಡದಾಳು? ಮೊದಲ ಗಟ್ಟಿ ಆಗಲಿ. ಗಟ್ಟಿ ಆದ್ರ ತಾನ ಬಂದು ಕೇಳ್ತಾಳ. ಕೇಳಿದ ದಿವಸ ಹೂಂ ಅಂತೀನಿ. ಅಲ್ಲೀತನಕ ನಾ ಬರೂದು ಆಕಿಗಿ ಕೇಳಬೇಕು. ಅದಕ್ಕ ನನ್ನ ಸದ್ದು ನನಗ ಕೊಡು."

ನಾನು ಕಾಕಾ ಅವರನ್ನು ಚಿಕ್ಕಂದಿನಿಂದ ಬಲ್ಲೆ. ಅವರ ಎದುರು ನಾವೆಲ್ಲ ಉಸಿರು ಹಿಡಿದು ಬೆಳೆದವರು. ಅವರು ಯಾರಿಗಾದರೂ ಉಸಿರಾಡಲು ಇಷ್ಟು ಮುತುವರ್ಜಿಯಿಂದ ಜಾಗ ಮಾಡಿಕೊಟ್ಟದ್ದನ್ನು ನೋಡಿದ್ದು ಅದೇ ಮೊದಲು. "ಸೀಮೆಎಣ್ಣಿ ಐತೇನ್ರಿ?" ಅಂದೆ.

ಹಚ್ಚುವುದು ಸುಲಭ. ತೆಗೆಯುವಾಗ ಗೊತ್ತಾಯಿತು ಸಿಲಿಕೋನ್ ಗ್ರೀಸಿನ ಸ್ವಾಮಿನಿಷ್ಠೆ. ನೀರು, ಸೋಪು, ಬೂದಿ, ಯಾವುದಕ್ಕೂ ಜಗ್ಗಲಿಲ್ಲ. ಕೊನೆಗೆ ಬಿಜಾಗರಿಯ ಕಡ್ಡಿಯನ್ನೇ ಬಡಿದು ತೆಗೆದು, ಸೀಮೆಎಣ್ಣೆಯ ಬಟ್ಟೆಯಲ್ಲಿ ತಿಕ್ಕಿ ತಿಕ್ಕಿ ಒರೆಸಿ, ಮೇಲೆ ಒಂದು ಚಿಟಿಕೆ ಮರಳು ಉದುರಿಸಿದೆ. (ಮೆಕ್ಯಾನಿಕಲ್ ಎಂಜಿನಿಯರುಗಳು ಈ ಸಾಲನ್ನು ಓದಬಾರದು.) ಕಾಕಾ ಗೇಟು ತಳ್ಳಿ ಪರೀಕ್ಷೆ ಮಾಡಿದರು. ಎಮ್ಮೆಯಲ್ಲ, ಈಗ ಎಮ್ಮೆಯ ಹಿಂಡೇ ಒದರಿತು.

ಒಳಗಿನಿಂದ ತಕ್ಷಣ ಕಾಕು ಅವರ ದನಿ: "ಸುವರ್ಣಾ, ಹಾಲ ಉಕ್ಕತಾವ ನೋಡ!"

ಸುವರ್ಣಾ ನಮ್ಮೆದುರಿಗೇ, ಬಾವಿಯ ಹತ್ತಿರ ಬಟ್ಟೆ ಒಗೆಯುತ್ತಿದ್ದಳು. ಒಲೆ ಹತ್ತಿಸಿರಲೇ ಇಲ್ಲ. ಕಾಕಾ ನನ್ನ ಮುಖ ನೋಡಲಿಲ್ಲ, ನಾನು ಅವರ ಮುಖ ನೋಡಲಿಲ್ಲ. ನೋಡಿದ್ದರೆ ಎರಡೂ ತಲೆಮಾರಿನ ಮರ್ಯಾದೆ ಅಲ್ಲೇ ಹೋಗುತ್ತಿತ್ತು.

ಚಪ್ಪಲಿ ಮಾತ್ರ ಸರಿಯಾಗಲಿಲ್ಲ. ಅಥಣಿಯಲ್ಲಿ ಮಾಡಿಕೊಟ್ಟವರೇ ಕೈ ಚೆಲ್ಲಿದರು. ಹೊಸ ಜೋಡಿಗೆ ಹೇಳಿ ಬಂದೆ. ಅದು ತಯಾರಾಗುವ ತನಕ ಕಾಕಾ ಗೇಟಿನ ಭರವಸೆಯ ಮೇಲೆ, ಬೇಕಾದಾಗ ಕೆಮ್ಮಿಕೊಂಡು, ದಿನ ದೂಡಿದರು. ಒಂದು ದಿನ ಅಥಣಿಗೆ ಹೋದವರು ಗಾಡಿಯ ಟಾಕಿ ತುಂಬ ಪೆಟ್ರೋಲ್ ಹಾಕಿಸಿಕೊಂಡು ಬಂದರಂತೆ. "ಎಲ್ಲಿಗೂ ಹೋಗೂದಿಲ್ಲ, ಯಾಕ ತುಂಬಿಸ್ಯಾರೋ!" ಎಂದು ಕಾಕು ನನಗೆ ಫೋನಿನಲ್ಲಿ ಹೇಳಿದರು. ಮುದುಕರಾದರಲ್ಲ, ಇರಲಿ ಬಿಡ್ರಿ ಅಂದೆ.

ಹೊಸ ಚಪ್ಪಲಿ ತೆಗೆದುಕೊಂಡು ಹೋದ ದಿನವೇ ನಡೆಯಿತು. ಕಾಕಾ ಅಂಗಳದಲ್ಲಿ ಕರ್ರ್ ಕರ್ರ್ ಎಂದು ಗಸ್ತು ತಿರುಗಿ ಬಂದು ಕುಳಿತರು. ಸುವರ್ಣಾ ಚಹಾ ತಂದಳು. ತಂದವಳು ಒಳಗೆ ಹೋಗಲಿಲ್ಲ.

"ಮಾವಾರ, ಒಂದ ಮಾತ ಕೇಳಲೇನ್ರಿ?"

"ಕೇಳವ್ವಾ."

"ಗಾಡಿ ಕಲೀಬೇಕಂತ ಮಾಡೀನ್ರಿ. ಆ ಲ್ಯಾಬಿನ ಕೆಲಸಕ್ಕ..."

"ಯಾರ ಗಾಡಿ?"

"ನಿಮ್ಮದ್ರಿ."

ಕಾಕು ಛಾವಣಿಯ ತೊಲೆಗಳನ್ನು ಎಣಿಸತೊಡಗಿದರು. ಕಾಕಾ ಚಹಾ ಗುಟುಕರಿಸಿದರು. ಮತ್ತೊಂದು ಗುಟುಕು. ಮುದುಕ ಬೇಕಂತಲೇ ಎಳೆಯುತ್ತಿದ್ದಾರೆ ಎಂದು ನನಗೆ ಗೊತ್ತು. ಆ ಹುಡುಗಿಗೆ ಗೊತ್ತಿಲ್ಲ. ಬೆರಳಿಗೆ ಸುತ್ತಿಕೊಂಡ ಸೆರಗಿನ ತುದಿ ಹರಿಯುವುದೊಂದು ಬಾಕಿ.

"ಭಾಳ ತ್ರಾಸಿನ ಕೆಲಸ ಅದು," ಎಂದು ಕೊನೆಗೂ ಬಾಯಿ ಬಿಟ್ಟರು. "ಕ್ಲಚ್ ಅಂತ ಒಂದ ಇರತೈತಿ. ಗೇರ್ ಅಂತ ಇರತಾವ. ಒಂದ ದಿವಸಕ್ಕ ಬರೂದಿಲ್ಲ. ನಡಿ, ತೋರಸ್ತೀನಿ."

"ಹೌದೇನ್ರಿ?" ಅಂದಳು ಸುವರ್ಣಾ, ಕ್ಲಚ್ಚಿನ ಹೆಸರನ್ನು ಆಗಷ್ಟೇ ಕೇಳಿದವಳಂತೆ.

ಹಿತ್ತಲಲ್ಲಿ ನಡೆದ ಆ ಪಾಠವನ್ನು ನಾನು ಸಾಯುವ ತನಕ ಮರೆಯುವುದಿಲ್ಲ. ಗುರು ಎಲ್ಲ ತಿಳಿದೂ ಕಲಿಸುತ್ತಿದ್ದರು, ಶಿಷ್ಯೆ ಎಲ್ಲ ಬಂದೂ ಕಲಿಯುತ್ತಿದ್ದಳು. ಮೊದಲು ಬೇಕಂತಲೇ ಗಾಡಿ ಬಂದ್ ಬೀಳಿಸಿದಳು. "ಹಂಗಲ್ಲವ್ವಾ, ಸಾವಕಾಶ ಬಿಡು" ಎಂದರು. ಮತ್ತೆ ಬಂದ್ ಬೀಳಿಸಿದಳು. ಆಮೇಲೆ ನಟನೆ ಮರೆತುಹೋಯಿತೋ ಏನೋ, ಮೊದಲನೇ ಗೇರು, ಎರಡನೇ ಗೇರು, ಬಣವೆಯ ಸುತ್ತ ಒಂದು ಸುಂದರ ಸುತ್ತು. ನಗುತ್ತಿದ್ದಳು. ಮಾವನ ಎದುರಿಗೇ.

"ನೋಡ್ರಿ, ನಾ ಕಲಿಸಿದ್ರ ಹೆಂಗ ಬರತೈತಿ!" ಎಂದು ಕಾಕಾ ನಮ್ಮತ್ತ ತಿರುಗಿದರು.

"ಹೌದ ಹೌದ. ನಿಮ್ಮಂಥ ಗುರು ಯಾರಿಗಿ ಸಿಗಬೇಕು," ಅಂದರು ಕಾಕು, ಸೆರಗಿನಿಂದ ಬಾಯಿ ಮುಚ್ಚಿಕೊಂಡು.

ದೀಪಾವಳಿಗೆ ಇನ್ನೂ ದಿನ ಇದೆ. ಲೈಸೆನ್ಸ್ ಬಂದಿದೆ, ಸುವರ್ಣಾ ಕೆಲಸಕ್ಕೆ ಸೇರಿದ್ದಾಳೆ. ಬೆಳಿಗ್ಗೆ ಹೆಗಲಿಗೆ ಸ್ಯಾಂಪಲ್ ಡಬ್ಬಿ ಹಾಕಿಕೊಂಡು, ಎದ್ದು ಬರಲಾರದ ಅಜ್ಜ ಅಜ್ಜಿಯರ ಬಾಗಿಲಿಗೆ ಹೋಗುತ್ತಾಳೆ. ಮಳೆಯಲ್ಲೂ ಗಾಡಿ ಒಮ್ಮೆಯೂ ಕೈ ಕೊಟ್ಟಿಲ್ಲ. ಪ್ಲಗ್ ಕ್ಯಾಪಿನಲ್ಲಿರುವ ಆ ಒಂದು ಕಾಳಿನಷ್ಟು ಬಿಳಿ ಗ್ರೀಸಿಗೆ ನಾನು ಮನಸ್ಸಿನಲ್ಲೇ ಕೈ ಮುಗಿಯುತ್ತೇನೆ. ಹಚ್ಚಬಾರದ ಕಡೆ ಹಚ್ಚಿದ್ದಕ್ಕೂ ಮುಗಿಯುತ್ತೇನೆ. ಹಚ್ಚದಿದ್ದರೆ ಕಾಕಾ ಆ ನಗುವನ್ನು ನೋಡುತ್ತಿರಲಿಲ್ಲ, ನಾನು ಕಾಕಾನನ್ನು ನೋಡುತ್ತಿರಲಿಲ್ಲ.

ಕಾಕಾಗೆ ಎಲ್ಲ ಗೊತ್ತಿತ್ತು ಎಂಬುದು ಅತ್ತೆ ಸೊಸೆಗೆ ಇದನ್ನು ಓದಿದಾಗಲೇ ಗೊತ್ತಾಗುವುದು. "ಆಕಿ ಕೆಲಸಕ್ಕ ಹತ್ತಿದ ಮ್ಯಾಲ ಬರಿ, ಅಡ್ಡಿಯಿಲ್ಲ" ಎಂದು ಮೊನ್ನೆ ಅಪ್ಪಣೆ ಕೊಟ್ಟರು. ತಾವೇ ಹೇಳಬಹುದಿತ್ತು. ಆದರೆ ಅಷ್ಟು ದೊಡ್ಡ ಮಾತನ್ನು ಸೊಸೆಯ ಮುಖ ನೋಡಿ ಹೇಳುವ ರೂಢಿ ಆ ತಲೆಮಾರಿಗೆ ಇಲ್ಲ. ಮೆಚ್ಚುಗೆ ಹೇಳುವ ಕೆಲಸವನ್ನು ಪೇಪರಿನವನಿಗೆ ವಹಿಸುತ್ತಾರೆ.

ಅಂದಿನಿಂದ ನನಗೂ ಒಂದು ಹೊಸ ಅಭ್ಯಾಸ ಹತ್ತಿದೆ. ಮನೆಯ ಮೆಟ್ಟಿಲ ಮೇಲೆ ಒಂದು ಕ್ಷಣ ನಿಂತು ಒಳಗಿನ ಮಾತು, ನಗು, ಹಾಡು ಕೇಳಿಸುತ್ತದೆಯೇ ಎಂದು ನೋಡುತ್ತೇನೆ. ನಾನು ಒಳಗೆ ಕಾಲಿಟ್ಟ ಮೇಲೂ ಅದು ಮುಂದುವರಿದರೆ ಆ ದಿನದ ಊಟ ರುಚಿಸುತ್ತದೆ.

ನೀವು ಬಂದ ಸದ್ದಾದೊಡನೆ ನಿಮ್ಮ ಮನೆಯಲ್ಲಿ ಯಾರ, ಯಾವ ಕೆಲಸ ಅರ್ಧಕ್ಕೆ ನಿಲ್ಲುತ್ತದೆ?